ನೆರೆಹೊರೆಯೂ ಬೇಕು, ಸಾಲವೂ ಬೇಡ

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ಪತ್ರದ ಸಾರ ಹೀಗಿದೆ: "ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಒಳ್ಳೆಯ ನೆರೆಹೊರೆ ಸಿಕ್ಕಿತು. ಆದರೆ ಒಂದಲ್ಲ ಒಂದು ಖರ್ಚು ಬರುತ್ತಲೇ ಇರುತ್ತದೆ. ಹುಟ್ಟುಹಬ್ಬದ ಉಡುಗೊರೆ, ಪಾರ್ಟಿ, ವಾರಾಂತ್ಯದ ಪ್ರವಾಸ, ಎಲ್ಲಕ್ಕೂ ವಾಟ್ಸಾಪ್ ಗುಂಪಿನಲ್ಲಿ ದುಡ್ಡು ಕೇಳುತ್ತಾರೆ. ಕ್ರೆಡಿಟ್ ಕಾರ್ಡಿನ ಬಿಲ್ ಪೂರ್ತಿ ಕಟ್ಟಲಾಗುತ್ತಿಲ್ಲ. ಆಗಲ್ಲ ಅಂದರೆ ನಮ್ಮನ್ನೂ ಮಗಳನ್ನೂ ದೂರ ಇಡುತ್ತಾರೇನೋ ಎಂಬ ಭಯ. ಏನು ಮಾಡಲಿ?"

ಮೊದಲು ಒಂದು ಮಾತು. ಇದನ್ನು ನಿಮ್ಮ ದೌರ್ಬಲ್ಯ ಅಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನಲ್ಲಿ ಪೋಸ್ಟ್‌ಕೋಡ್ ಲಾಟರಿ ಅಂತ ಒಂದಿದೆ, ಅಲ್ಲಿ ಬಹುಮಾನ ಬರುವುದು ಒಂದು ಬೀದಿಯ ಅಂಚೆ ಸಂಖ್ಯೆಗೆ. ಗೆದ್ದ ಬೀದಿಯಲ್ಲಿ ಟಿಕೆಟ್ ಕೊಂಡಿದ್ದವರಿಗೆ ಹಣ ಬರುತ್ತದೆ, ಒಬ್ಬರಿಗೆ ಹೊಸ ಬಿಎಂಡಬ್ಲ್ಯು ಕಾರೂ ಸಿಗುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗೆದ್ದವರ ಪಕ್ಕದ ಮನೆಗಳತ್ತಲೂ ಕಣ್ಣುಹಾಯಿಸಿತು. ಟಿಕೆಟ್ಟೇ ಕೊಳ್ಳದ, ಬಿಡಿಗಾಸೂ ಸಿಗದ ಮನೆಯವರು ಕೂಡ ಆಮೇಲೆ ಕಾರು ಕೊಳ್ಳುವುದು ಜಾಸ್ತಿಯಾಗಿತ್ತು. ಪಕ್ಕದ ಮನೆಯ ಖರ್ಚು ನಮ್ಮ ಮನೆಗೆ ಹೀಗೆ ಸದ್ದಿಲ್ಲದೆ ಬರುತ್ತದೆ.

ಕಾರ್ಡಿನ ವಿಷಯ ಮಾತ್ರ ತಡ ಮಾಡುವಂಥದ್ದಲ್ಲ. ಕನಿಷ್ಠ ಮೊತ್ತ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ ಶೇ 3 ಅಂದರೆ ಕೇಳೋಕೆ ಸಣ್ಣದು. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಅದು ಶೇ 42 ದಾಟುತ್ತದೆ. ಈ ಬಾಕಿ ತೀರುವವರೆಗೆ ಪ್ರವಾಸ ಬೇಡವೇ ಬೇಡ.

ಇನ್ನು ನಿಮ್ಮ ಭಯ. ದುಡ್ಡು ಕೊಡದಿದ್ದರೆ ದೂರ ಇಡುತ್ತಾರೆ ಅನ್ನುತ್ತೀರಿ. ಆದರೆ ನೆರೆಯವರು ಹತ್ತಿರವಾಗುವುದು ಹೇಗೆ ಅಂತ ನೋಡಿದರೆ ಅದರಲ್ಲಿ ದುಡ್ಡಿನ ಪಾಲು ತುಂಬಾ ಕಡಿಮೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಕುಟುಂಬಗಳಿದ್ದ ವಸತಿಯೊಂದರ ಅಧ್ಯಯನ 1950ರಲ್ಲಿ ಪ್ರಕಟವಾಯಿತು. ಅಲ್ಲಿ ಜಾಸ್ತಿ ಸ್ನೇಹ ಬೆಳೆದಿದ್ದು ಪಕ್ಕಪಕ್ಕದ ಬಾಗಿಲಿನವರ ನಡುವೆ. ಮೆಟ್ಟಿಲ ಹತ್ತಿರ ಮನೆ ಇದ್ದವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು. ಹೋಗ್ತಾ ಬರ್ತಾ ಎದುರಾಗುವುದೇ ಸ್ನೇಹಕ್ಕೆ ಸಾಕಾಗಿತ್ತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಸಮಯದ ಲೆಕ್ಕವನ್ನೇ ಕೊಟ್ಟರು: ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಆಪ್ತ ಸ್ನೇಹಕ್ಕೆ 200ಕ್ಕೂ ಹೆಚ್ಚು. ನೀವು ಆ ಗಂಟೆಗಳನ್ನು ಕೊಡಿ. ಸಂಜೆ ಮಕ್ಕಳು ಆಡುವಾಗ ಕೆಳಗೆ ಇಳಿಯಿರಿ. ಆಸ್ಪತ್ರೆಗೆ ಹೋಗುವ ಹಿರಿಯರ ಜೊತೆ ಹೋಗಿ. ಪಾರ್ಟಿ ಮುಗಿದ ಮೇಲೆ ಕುರ್ಚಿ ಎತ್ತಿಡೋಕೆ ನಿಲ್ಲಿ. ಅಂಥವರನ್ನು ಯಾರೂ ಸುಲಭವಾಗಿ ದೂರ ಇಡುವುದಿಲ್ಲ.

ಆಗಲ್ಲ ಅನ್ನುವುದನ್ನು ಕೂಡ ನೇರವಾಗಿ ಹೇಳಬೇಕು. ಹುಷಾರಿಲ್ಲ, ನೆಂಟರು ಬರ್ತಾರೆ ಅಂತ ನೆಪ ಹೇಳಿದರೆ ಮುಂದಿನ ಸಲವೂ ಒಂದು ನೆಪ ಹುಡುಕಬೇಕಾಗುತ್ತದೆ. "ನಾವು ಬರ್ತೀವಿ, ಕೆಲಸಕ್ಕೂ ಕೈ ಜೋಡಿಸ್ತೀವಿ. ದುಡ್ಡು ಮಾತ್ರ ನಮ್ಮಿಂದ ಇಷ್ಟೇ ಆಗೋದು" ಎಂದುಬಿಡಿ. ಆ ಮೊತ್ತವನ್ನು ತಿಂಗಳ ಶುರುವಿನಲ್ಲೇ ಮನೆಯಲ್ಲಿ ಕೂತು ಮಾತಾಡಿ ಗೊತ್ತು ಮಾಡಿಕೊಂಡಿರಿ. ಗುಂಪಿನಲ್ಲಿ ಕೇಳಿದ ಮೇಲೆ ಲೆಕ್ಕ ಹಾಕಲು ಕೂತರೆ ಸಂಕೋಚವೇ ಗೆಲ್ಲುತ್ತದೆ.

ಒಂದು ವಿಷಯವನ್ನು ದಯವಿಟ್ಟು ನಿಮ್ಮ ಗುಂಪಿನ ಮುಂದೆ ಇಡಿ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಹಾಕುವುದು ಬೇಡ. ಆ ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ಖಾಲಿ ಕಾಣಬಾರದು ಎಂದೇ ಎಷ್ಟೋ ಜನ ಕೈಮೀರಿ ಕೊಡುತ್ತಾರೆ. ಇಷ್ಟ ಇದ್ದವರು, ಆದಷ್ಟು, ಒಬ್ಬರ ಕೈಗೆ ಕೊಡಲಿ. ಅವರು ಒಟ್ಟು ಮೊತ್ತ ಮಾತ್ರ ತಿಳಿಸಲಿ. ಹೇಳುವುದು ಕಷ್ಟ, ನನಗೆ ಗೊತ್ತು. ಆದರೆ ಕೆಲಸ ಹೋಗಿದ್ದರೂ ಯಾರಿಗೂ ಹೇಳದೆ ಕೊಡುತ್ತಿರುವ ಮನೆಯೂ ಅಲ್ಲಿರಬಹುದು, ಅಲ್ವಾ?

ಮಗಳಿಗೆ ನಿಜವನ್ನೇ ಹೇಳಿ: ಈ ತಿಂಗಳ ದುಡ್ಡನ್ನು ಬಾಕಿ ತೀರಿಸೋಕೆ ಇಟ್ಟಿದ್ದೇವೆ, ಅದಕ್ಕೇ ಪ್ರವಾಸ ಇಲ್ಲ ಎಂದು. ಕಾರಣ ತಿಳಿದರೆ ಮಕ್ಕಳು ನಾವು ಅಂದುಕೊಂಡಷ್ಟು ನೊಂದುಕೊಳ್ಳುವುದಿಲ್ಲ. ಪ್ರವಾಸಕ್ಕೆ ಹೋಗದೆ ಉಳಿದ ಮಕ್ಕಳು ಇನ್ನೂ ಇದ್ದೇ ಇರುತ್ತಾರೆ. ಆ ಶನಿವಾರ ಅವರನ್ನು ನಿಮ್ಮ ಮನೆಗೆ ಆಡಲು ಕರೆಯಿರಿ.

– ಸಂಪಾದಕ