ಮಿಷನ್ ಆಸ್ಪತ್ರೆಗೆ ಆದೇಶ ಸರಿ, ಸರ್ಕಾರಿ ಆಸ್ಪತ್ರೆಗೆ ಏನು?

ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಸಿಟ್ಟಿನಿಂದ ಉದ್ದನೆಯ ಪತ್ರ ಬರೆದಿದ್ದಾರೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ತಿರುಳು ಇಷ್ಟು:

“ಚರ್ಚ್ ನಡೆಸುವ ಆಸ್ಪತ್ರೆಗಳು ಸರ್ಕಾರದಿಂದ ಲೈಸೆನ್ಸ್ ತೆಗೆದುಕೊಳ್ಳುತ್ತವೆ, ತೆರಿಗೆ ವಿನಾಯಿತಿಯನ್ನೂ ತೆಗೆದುಕೊಳ್ಳುತ್ತವೆ. ಗರ್ಭಪಾತ, ಸಂತಾನಹರಣ ಆಪರೇಷನ್ ಅಂದ ಕೂಡಲೇ ‘ನಮ್ಮ ಧರ್ಮ ಒಪ್ಪುವುದಿಲ್ಲ’ ಅನ್ನುತ್ತವೆ. ಕಾನೂನು ಒಪ್ಪಿದ್ದನ್ನು ಆಗೋದಿಲ್ಲ ಅನ್ನಲು ಇವರು ಯಾರು? ಸವಿತಾ ಹಾಲಪ್ಪನವರ್ ಸತ್ತದ್ದನ್ನು ಮರೆತಿರಾ? ಸರ್ಕಾರ ಆದೇಶ ಹೊರಡಿಸಲಿ, ಕೇಳದ ಆಸ್ಪತ್ರೆಯ ಲೈಸೆನ್ಸ್ ರದ್ದು ಮಾಡಲಿ. ಕಳೆದ ಸಂಚಿಕೆಯಲ್ಲಿ ಮಿಷನ್ ಆಸ್ಪತ್ರೆಗಳನ್ನು ಹೊಗಳಿದ ನೀವೇ ಉತ್ತರ ಕೊಡಿ.”

ಮೇಷ್ಟ್ರೇ, ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಆಸ್ಪತ್ರೆಯ ಮೇಲೆ ನಮ್ಮ ಜನಕ್ಕೆ ಸಿಟ್ಟು ಬರುವುದು ಬಿಲ್ಲು ಕೈಗೆ ಬಂದ ಮೇಲೆ. ನೀವು ಗುರುತೇ ಇಲ್ಲದ ಹೆಣ್ಣುಮಕ್ಕಳ ಪರವಾಗಿ ಸಿಟ್ಟಾಗಿದ್ದೀರಿ. ಆದರೆ ಇಷ್ಟು ವರ್ಷ ಪಾಠ ಹೇಳಿದವರು ಉದಾಹರಣೆ ಕೊಡುವಾಗ ಒಮ್ಮೆ ತಿರುಗಿಸಿ ನೋಡಬೇಕಿತ್ತು, ಅಲ್ವಾ?

ಸವಿತಾ ನಮ್ಮ ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಕೊಂಡರು. 17 ವಾರದ ಗರ್ಭ. ಉಳಿಯುವುದಿಲ್ಲ ಎಂದು ವೈದ್ಯರಿಗೂ ಗೊತ್ತಿತ್ತು. ತೆಗೆದುಬಿಡಿ ಎಂದು ಸವಿತಾ ಅವರೇ ಕೇಳಿದರು. ಭ್ರೂಣದ ಎದೆಬಡಿತ ಇರುವವರೆಗೆ ಸಾಧ್ಯವಿಲ್ಲ ಅಂದರು. ನಂಜು ರಕ್ತಕ್ಕೇರಿತು. ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತು ಆ ವಾರ್ಡಿನಲ್ಲಿ ಬಂದದ್ದು ಸಾವಿನ ವಿಚಾರಣೆಯಲ್ಲಿ ದಾಖಲಾಯಿತು. ನಂಜನ್ನು ಬೇಗ ಗುರುತಿಸದ ಲೋಪವೂ ತನಿಖೆಯಲ್ಲಿ ಹೊರಬಿತ್ತು.

ಇಷ್ಟೂ ನಮಗೆ ನೆನಪಿದೆ. ಆ ಆಸ್ಪತ್ರೆ ಯಾರದು ಎಂಬುದು ಮಾತ್ರ ನೆನಪಿಲ್ಲ. ಅದು ಸರ್ಕಾರಿ ಆಸ್ಪತ್ರೆ ಮೇಷ್ಟ್ರೇ! ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ಅದನ್ನು ನಡೆಸುತ್ತದೆ. ವೈದ್ಯರ ಕೈ ಕಟ್ಟಿಹಾಕಿದ್ದು ಸರ್ಕಾರದ್ದೇ ಕಾನೂನು. 1861ರ ಹಳೇ ಕಾಯ್ದೆ ಒಂದು, 1983ರಲ್ಲಿ ಸಂವಿಧಾನಕ್ಕೆ ಸೇರಿಸಿದ, ಭ್ರೂಣಕ್ಕೂ ತಾಯಿಯಷ್ಟೇ ಬದುಕುವ ಹಕ್ಕು ಕೊಟ್ಟ ಎಂಟನೇ ತಿದ್ದುಪಡಿ ಇನ್ನೊಂದು. 2018ರ ಜನಮತದಲ್ಲಿ ಶೇ 66.4ರಷ್ಟು ಜನ ಮತ ಹಾಕಿ ಆ ತಿದ್ದುಪಡಿಯನ್ನು ಕಿತ್ತು ಹಾಕಿದರು. ಸವಿತಾ ಸಾವಿನಲ್ಲಿ ಧರ್ಮದ ಪಾಲಿಲ್ಲ ಅಂತ ನಾನು ಹೇಳುತ್ತಿಲ್ಲ. ಧರ್ಮ ಅಲ್ಲಿ ಸರ್ಕಾರದ ಕುರ್ಚಿಯಲ್ಲಿ ಕೂತಿತ್ತು, ಹಾಗಾಗಿ ದೇಶದಲ್ಲಿ ಎಲ್ಲಿಗೆ ಹೋದರೂ ಆಕೆಗೆ ಬೇರೆ ಬಾಗಿಲು ಇರಲಿಲ್ಲ. ಈಗ ನೀವು ಕೇಳುತ್ತಿರುವುದೂ ಎಲ್ಲ ಬಾಗಿಲಿಗೂ ಸರ್ಕಾರದ್ದೇ ಒಂದು ಕೀಲಿ.

ಆ ಕೀಲಿ ಇವತ್ತು ನಿಮಗೆ ಬೇಕಾದ ಕಡೆಗೆ ತಿರುಗುತ್ತದೆ ಎಂಬ ಧೈರ್ಯ ನಿಮ್ಮದು. ನನಗೆ ಆ ಧೈರ್ಯ ಇಲ್ಲ. ಅಮೆರಿಕದಲ್ಲಿ 2022ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎಷ್ಟೋ ರಾಜ್ಯಗಳು ಗರ್ಭಪಾತಕ್ಕೆ ನಿಷೇಧ ಹಾಕಿದವು. ಅಲ್ಲಿ ಈಗ ‘ನಮ್ಮ ಮನಸ್ಸಾಕ್ಷಿಗೆ ಬಿಡಿ’ ಎಂದು ಕೇಳುತ್ತಿರುವವರು ಗರ್ಭಪಾತ ಮಾಡಲು ಸಿದ್ಧವಿರುವ ವೈದ್ಯರು. ಅಷ್ಟು ದೂರ ಯಾಕೆ ಹೋಗೋಣ? ತುರ್ತುಪರಿಸ್ಥಿತಿ ನೀವೂ ಕಂಡವರೇ. 1976-77ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಆಪರೇಷನ್ ಆಯಿತು. ಟಾರ್ಗೆಟ್ ಹಾಕಿದ್ದು ಸರ್ಕಾರ. ಎಷ್ಟೋ ಕಡೆ ಮೇಷ್ಟ್ರುಗಳಿಗೂ ಕೋಟಾ ಇತ್ತು. ಇಷ್ಟು ಜನರನ್ನು ಕರೆತರದಿದ್ದರೆ ಸಂಬಳಕ್ಕೆ ಕತ್ತರಿ. ಆ ವರ್ಷ ‘ಇದು ನಮ್ಮಲ್ಲಿ ಆಗೋದಿಲ್ಲ’ ಎಂದು ಹೇಳುವ ಒಂದು ಆಸ್ಪತ್ರೆ ಊರಲ್ಲಿದ್ದಿದ್ದರೆ ಅದರ ಹಿಂದೆ ಯಾವ ದೇವರಿದ್ದಾನೆ ಎಂದು ಯಾರು ಕೇಳುತ್ತಿದ್ದರು?

ಜರ್ಮನಿಯ ಕಥೆ ಇನ್ನೂ ಕರಾಳ. ಬುದ್ಧಿಮಾಂದ್ಯರನ್ನು, ಮಾನಸಿಕ ರೋಗಿಗಳನ್ನು ಆಸ್ಪತ್ರೆಗಳಿಂದಲೇ ಸಾಗಿಸಿ ಕೊಲ್ಲುವ ಯೋಜನೆ ನಾಜಿ ಸರ್ಕಾರದ್ದು. ಅಧಿಕೃತವಾಗಿ ನಿಲ್ಲುವಷ್ಟರಲ್ಲೇ ಸತ್ತವರು 70 ಸಾವಿರಕ್ಕೂ ಹೆಚ್ಚು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರ್‌ನ ಬಿಷಪ್ ಫಾನ್ ಗಾಲೆನ್ ಚರ್ಚಿನ ವೇದಿಕೆಯಿಂದಲೇ ಇದನ್ನು ಕೊಲೆ ಎಂದರು. ಅದೇ ತಿಂಗಳ ಕೊನೆಯ ವಾರ ಆ ಯೋಜನೆಯನ್ನು ಅಧಿಕೃತವಾಗಿ ನಿಲ್ಲಿಸಲಾಯಿತು, ಗುಟ್ಟಾಗಿ ಮುಂದುವರಿದದ್ದು ಬೇರೆ ಮಾತು. ಎಲ್ಲ ಚರ್ಚ್ ಸಂಸ್ಥೆಗಳೂ ಎದ್ದು ನಿಲ್ಲಲಿಲ್ಲ, ರೋಗಿಗಳನ್ನು ಒಪ್ಪಿಸಿದವರೂ ಇದ್ದರು. ಎದ್ದು ನಿಂತವರಿಗೆ ನಿಲ್ಲಲು ಸರ್ಕಾರದ್ದಲ್ಲದ ಒಂದು ಜಾಗ ಇತ್ತು.

ಈಗ ನಿಮ್ಮ ಕಡೆಗೂ ಸ್ವಲ್ಪ ಬರುತ್ತೇನೆ. ಸಂವಿಧಾನದ 25 ಮತ್ತು 26ನೇ ವಿಧಿಗಳು ಧರ್ಮದ ಸ್ವಾತಂತ್ರ್ಯ ಕೊಡುವ ಮೊದಲೇ ‘ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು’ ಎನ್ನುತ್ತವೆ. ನಿಜ. ಜೀವ ಹೋಗುವ ಹೊತ್ತಿನಲ್ಲಿ ಧರ್ಮದ ಪುಸ್ತಕ ತೆರೆಯುವಂತಿಲ್ಲ. ಅದರಲ್ಲಿ ನನ್ನದೂ ನಿಮ್ಮದೂ ಒಂದೇ ಮಾತು. 2009ರಲ್ಲಿ ಅಮೆರಿಕದ ಫೀನಿಕ್ಸ್‌ನ ಸೇಂಟ್ ಜೋಸೆಫ್ ಆಸ್ಪತ್ರೆಗೆ ನಾಲ್ಕು ಮಕ್ಕಳ ತಾಯಿ ಬಂದರು. 11 ವಾರದ ಗರ್ಭ, ಶ್ವಾಸಕೋಶದ ರಕ್ತದೊತ್ತಡ ವಿಪರೀತ. ಗರ್ಭ ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ. ಆಸ್ಪತ್ರೆಯ ನೀತಿ ಸಮಿತಿಯಲ್ಲಿದ್ದ ಸಿಸ್ಟರ್ ಮಾರ್ಗರೆಟ್ ಮೆಕ್‌ಬ್ರೈಡ್ ಒಪ್ಪಿಗೆ ಕೊಟ್ಟರು. ತಾಯಿ ಬದುಕಿದರು. ನೀವು ಬಹಿಷ್ಕಾರಕ್ಕೆ ಒಳಗಾಗಿದ್ದೀರಿ ಎಂದು ಬಿಷಪ್ ಸಿಸ್ಟರ್‌ಗೆ ತಿಳಿಸಿದರು, 2010ರಲ್ಲಿ ಆಸ್ಪತ್ರೆಯ ಕ್ಯಾಥೊಲಿಕ್ ಮಾನ್ಯತೆಯನ್ನೂ ಕಿತ್ತುಕೊಂಡರು. ಬಿಷಪ್ ಮಾಡಿದ್ದು ನನ್ನ ಲೆಕ್ಕದಲ್ಲಿ ಶುದ್ಧ ತಪ್ಪು. ಆದರೆ ಆ ತಾಯಿಯನ್ನು ಉಳಿಸಿದ್ದು ಯಾವ ಸರ್ಕಾರಿ ಸುತ್ತೋಲೆಯೂ ಅಲ್ಲ. ಬಿಷಪ್‌ಗಿಂತ ಚೆನ್ನಾಗಿ ಧರ್ಮ ಬಲ್ಲ ಒಬ್ಬ ಸಿಸ್ಟರ್.

ತುರ್ತು ಸಂದರ್ಭದ ಮಾತು ಅಷ್ಟಕ್ಕೆ ಸಾಕು. ಉಳಿದ ಸಂದರ್ಭಗಳಲ್ಲಿ ಕಡ್ಡಾಯ ಮಾಡುವ ಮುಂಚೆ ನಮ್ಮ ಕಾನೂನನ್ನೇ ಓದೋಣ. 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆ ಅರ್ಹ ವೈದ್ಯರು ನಿಯಮದ ಪ್ರಕಾರ ಗರ್ಭಪಾತ ಮಾಡಿದರೆ ಅಪರಾಧವಲ್ಲ ಎನ್ನುತ್ತದೆ. ಖಾಸಗಿ ಆಸ್ಪತ್ರೆ ಮಾಡಲೇಬೇಕು ಅಂತ ಎಲ್ಲೂ ಹೇಳುವುದಿಲ್ಲ. ಮಾಡುತ್ತೇನೆ ಅನ್ನುವ ಖಾಸಗಿ ಆಸ್ಪತ್ರೆಯೇ ಮೊದಲು ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಹಾಗಾದರೆ ಪ್ರತ್ಯೇಕ ಅನುಮತಿ ಬೇಡದ ಜಾಗ ಯಾವುದು? ಸರ್ಕಾರಿ ಆಸ್ಪತ್ರೆ. ಹೆಣ್ಣುಮಕ್ಕಳು ಮೊದಲು ಹೋಗಬೇಕಾದ ಬಾಗಿಲನ್ನು ಕಾನೂನೇ ತೋರಿಸಿಟ್ಟಿದೆ. ಆ ಬಾಗಿಲ ಒಳಗೆ ಡಾಕ್ಟರ್ ಇದ್ದಾರಾ ಎನ್ನುವುದೇ ನನ್ನ ಪ್ರಶ್ನೆ. ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ವರದಿಗಾರನಾಗಿದ್ದ ಕಾಲದಲ್ಲಿ ಒಂದು ಸಣ್ಣ ಊರಿನ ಮಿಷನ್ ಆಸ್ಪತ್ರೆಯ ಡಾಕ್ಟರ್ ಸಿಸ್ಟರ್ ಒಬ್ಬರನ್ನು ಇದೇ ವಿಷಯ ಕೇಳಿದ್ದೆ. ಪ್ರಶ್ನೆಯಲ್ಲಿ ಸ್ವಲ್ಪ ಕುಟುಕು ಇತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಇಲ್ಲಿ ಆಗೋದಿಲ್ಲಮ್ಮ ಅಂತ ಬಂದ ದಿನವೇ ಹೇಳಿಬಿಡ್ತೀನಿ. ಸುಮ್ನೆ ಅಲೆಸಿ ಅವರ ದಿನ ಕಳೆಯೋದು ಪಾಪ. ಸರ್ಕಾರಿ ಆಸ್ಪತ್ರೆ ಎರಡು ಬೀದಿ ಆಚೆ ಇದೆ, ಅವರಿಗೂ ಗೊತ್ತು. ಅಲ್ಲಿ ಲೇಡಿ ಡಾಕ್ಟರ್ ಪೋಸ್ಟ್ ಖಾಲಿ ಇದೆ ಅನ್ನೋದೂ ಗೊತ್ತು. ಅದಕ್ಕೇ ಮೊದಲು ನನ್ನ ಹತ್ರ ಬರ್ತಾರೆ. ನೀವು ಅದನ್ನೂ ಬರೀತೀರಾ?” ಅಂದರು. ಬರೆದೆ. ಆ ಪ್ಯಾರಾ ಪತ್ರಿಕೆಯಲ್ಲಿ ಬರಲಿಲ್ಲ.

ಅಮೆರಿಕದಲ್ಲಿ ಇಂಥದ್ದೇ ಒಂದು ಜಗಳ 1972ರಲ್ಲಿ ಕೋರ್ಟಿಗೆ ಹೋಗಿತ್ತು. ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರು. ಇಡೀ ಊರಿಗೆ ಹೆರಿಗೆ ವಾರ್ಡ್ ಇದ್ದದ್ದು ಕ್ಯಾಥೊಲಿಕರ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ ಮಾತ್ರ. ಹೆರಿಗೆಯ ಜೊತೆಗೇ ಸಂತಾನಹರಣ ಆಪರೇಷನ್ ಮಾಡಿ ಎಂದು ಒಬ್ಬಾಕೆ ಕೇಳಿದರು, ಆಸ್ಪತ್ರೆ ಆಗೋದಿಲ್ಲ ಎಂದಿತು. ಕಟ್ಟಡಕ್ಕೆ ಸರ್ಕಾರದ ದುಡ್ಡು ಪಡೆದಿದ್ದೀರಿ, ಮಾಡಲು ಬಿಡಿ ಎಂದು ಕೋರ್ಟ್ ಹೇಳಿತು. ಮರುವರ್ಷವೇ ಸಂಸತ್ತು ಕಾನೂನು ತಂದು, ಸರ್ಕಾರದ ದುಡ್ಡು ಪಡೆದ ಮಾತ್ರಕ್ಕೆ ಮನಸ್ಸಾಕ್ಷಿ ಬಿಡಬೇಕಿಲ್ಲ ಎಂದಿತು. ಕೋರ್ಟಿನ ಕಡೆ ಒಬ್ಬರು, ಸಂಸತ್ತಿನ ಕಡೆ ಒಬ್ಬರು ಇವತ್ತಿಗೂ ಹೊಡೆದಾಡುತ್ತಾರೆ. ಒಂದಿಡೀ ಊರಿಗೆ ಎರಡನೇ ಹೆರಿಗೆ ವಾರ್ಡ್ ಯಾಕಿಲ್ಲ ಅಂತ ಮಾತ್ರ ಯಾರಿಗೂ ತಲೆಬಿಸಿ ಇದ್ದಂತೆ ಕಾಣುವುದಿಲ್ಲ.

ಲೈಸೆನ್ಸ್ ರದ್ದು ಮಾಡಿ ಎನ್ನುತ್ತೀರಿ. ರದ್ದಾದ ಮೇಲೆ ಏನಾಗುತ್ತದೆ? 2015ರಲ್ಲಿ ಕೇಂದ್ರ ಸರ್ಕಾರದ ದತ್ತು ನಿಯಮಗಳು ಬದಲಾದವು. ಒಂಟಿ ತಾಯಂದಿರಿಗೆ ಮಗು ಕೊಡುವುದಕ್ಕೆ ಮಿಷನರೀಸ್ ಆಫ್ ಚಾರಿಟಿಯವರು ಒಪ್ಪಲಿಲ್ಲ. ನಿಯಮ ಸರಿಯಾಗಿಯೇ ಇತ್ತು; ಒಂಟಿ ಹೆಂಗಸು ಮಗು ಸಾಕಬಾರದು ಎಂಬ ವಾದ ನನಗಂತೂ ಒಪ್ಪಿಗೆಯಿಲ್ಲ. ಆದರೆ ಸಿಸ್ಟರ್‌ಗಳು ಬಗ್ಗಲಿಲ್ಲ. ಜಗಳವನ್ನೂ ಆಡಲಿಲ್ಲ. ದತ್ತು ಕೊಡುವ ಕೆಲಸವನ್ನೇ ಬಿಟ್ಟರು. ಮಿಷನ್ ಆಸ್ಪತ್ರೆಗಳೂ ಹಾಗೇ ಮಾಡಿದರೆ ಆ ಹಾಸಿಗೆಗಳನ್ನು ತುಂಬುವವರು ಯಾರು ಮೇಷ್ಟ್ರೇ? ಕುಷ್ಠರೋಗಿಯನ್ನು ಮನೆಯವರೇ ಹೊರಗೆ ಹಾಕುತ್ತಿದ್ದಾಗ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರಿಗೆ ಆಸರೆ ಕಟ್ಟಿದರು, 1890ರಲ್ಲಿ. ಉಡುಪಿಯಲ್ಲಿ ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ 1923ರಲ್ಲಿ ಮಿಷನ್ ಆಸ್ಪತ್ರೆ ತೆರೆದರು. ವೆಲ್ಲೂರಿನ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, 1900ರಲ್ಲಿ ಒಂದೇ ಹಾಸಿಗೆಯಿಂದ ಶುರುವಾದದ್ದು.

ಸಿಎಂಸಿಯ ಸ್ಥಾಪಕಿ ಇಡಾ ಸ್ಕಡರ್ ಡಾಕ್ಟರ್ ಆದದ್ದೇ ಒಂದು ರಾತ್ರಿಯ ಕಾರಣದಿಂದ. ಹೆರಿಗೆ ಕಷ್ಟವಾಗಿದೆ, ಬನ್ನಿ ಎಂದು ಮೂವರು ಗಂಡಂದಿರು ಒಬ್ಬರ ಹಿಂದೆ ಒಬ್ಬರು ಬಾಗಿಲು ತಟ್ಟಿದರು. ನಾನು ಡಾಕ್ಟರ್ ಅಲ್ಲ, ನನ್ನ ತಂದೆ ಡಾಕ್ಟರ್, ಅವರನ್ನು ಕರೆದುಕೊಂಡು ಹೋಗಿ ಎಂದರೆ ಆಗದು ಅಂದರು. ಗಂಡಸು ಮುಟ್ಟುವುದು ಅವರ ಆಚಾರಕ್ಕೆ ಒಪ್ಪಿಗೆಯಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಆಚಾರದ ಹಠ ಎಷ್ಟು ಜೀವ ತೆಗೆಯುತ್ತದೆ ಎಂಬುದು ಆ ಹುಡುಗಿಗೆ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ತನ್ನ ನಂಬಿಕೆಯ ಬಲದಿಂದಲೇ ಆಸ್ಪತ್ರೆ ಕಟ್ಟಿದಳು.

ಅದೇ ಸಿಎಂಸಿಗೆ ನಾವು ಏನು ಮಾಡಿದೆವು? ದೂರದ ಮಿಷನ್ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಮನಸ್ಸುಳ್ಳ ಹುಡುಗ ಹುಡುಗಿಯರನ್ನು ಹುಡುಕಿ ಸೇರಿಸಿಕೊಳ್ಳುವುದು ಅವರ ಪದ್ಧತಿ. ಓದು ಮುಗಿದ ಮೇಲೆ ಅಲ್ಲಿ ಸೇವೆ ಮಾಡುವ ಕರಾರು. ನೀಟ್ ಬಂತು. ಒಂದೇ ಪರೀಕ್ಷೆ, ಒಂದೇ ಪಟ್ಟಿ. 2017ರಲ್ಲಿ ಅವರು ಎಂಬಿಬಿಎಸ್‌ನ 100 ಸೀಟುಗಳಲ್ಲಿ 99ನ್ನು ಖಾಲಿ ಬಿಟ್ಟು ಪ್ರತಿಭಟಿಸಿದರು. 2020ರಲ್ಲಿ ಸುಪ್ರೀಂ ಕೋರ್ಟ್ ನೀಟ್ ಎಲ್ಲರಿಗೂ ಕಡ್ಡಾಯ ಎಂದಿತು. ಸೀಟು ಮಾರುವವರನ್ನು ಹಿಡಿಯಲು ಹಾಕಿದ ಬಲೆ ಅದು, ಒಪ್ಪೋಣ. ಆದರೆ ಕೋಚಿಂಗ್‌ಗೆ ಲಕ್ಷಗಟ್ಟಲೆ ಸುರಿದ ಮನೆಯ ಹುಡುಗ ಕಾಡಂಚಿನ ಆಸ್ಪತ್ರೆಯಲ್ಲಿ ಎಷ್ಟು ದಿನ ಇರುತ್ತಾನೆ? ಮಾರ್ಕ್ಸ್ ಮಾತ್ರ ನೋಡಿ ಮನುಷ್ಯರನ್ನು ಆರಿಸುವ ಈ ಹುಚ್ಚಿನ ಬಗ್ಗೆ ಬರೆದರೆ ಇನ್ನೊಂದು ಸಂಚಿಕೆ ಬೇಕು. ಬೇಡ, ಬಿಡಿ.

ಮಿಷನ್ ಆಸ್ಪತ್ರೆಗಳಿಗೆ ನಿಯಮವೇ ಬೇಡ ಎಂದು ನಾನು ಹೇಳಿದರೆ ನೀವು ಪತ್ರಿಕೆ ಬಿಸಾಕಿ. ಬೆಂಕಿ ಸುರಕ್ಷತೆ, ಆಸ್ಪತ್ರೆ ತ್ಯಾಜ್ಯ, ನರ್ಸುಗಳ ಸಂಬಳ, ಲೆಕ್ಕಪತ್ರ ಎಲ್ಲಕ್ಕೂ ಇನ್‌ಸ್ಪೆಕ್ಟರ್ ಬರಲಿ. ಶಿಲುಬೆ ತೂಗುಹಾಕಿದ ಮಾತ್ರಕ್ಕೆ ಯಾರೂ ರಾಜ್ಯದ ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ಕೆಪಿಎಂಇ ಕಾಯ್ದೆಯಿಂದ ತಪ್ಪಿಸಿಕೊಳ್ಳಬಾರದು. ಆ ಕಾಯ್ದೆಯ ಪ್ರಕಾರ ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕು. ಅದರ ಪಕ್ಕದಲ್ಲೇ ಇನ್ನೊಂದು ಬೋರ್ಡ್ ಹಾಕಿಸಿ: ‘ಇಲ್ಲಿ ಈ ಈ ಚಿಕಿತ್ಸೆ ಮಾಡುವುದಿಲ್ಲ.’ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಗೇಟಿನ ಹತ್ತಿರ. ರೋಗಿ ದುಡ್ಡು ಕಟ್ಟಿ ಹಾಸಿಗೆ ಹಿಡಿದ ಮೇಲೆ ‘ನಮ್ಮ ಧರ್ಮ’ ಅನ್ನುವುದು ಮೋಸ. ಅಂಥವರಿಗೆ ದಂಡ ಹಾಕಿ, ನಾನೇ ಸಂಪಾದಕೀಯ ಬರೆಯುತ್ತೇನೆ.

ಆದೇಶ ಹೊರಡಿಸುವುದು ಸರ್ಕಾರಕ್ಕೆ ತುಂಬಾ ಅಗ್ಗದ ಕೆಲಸ. ಒಂದು ಹಾಳೆ, ಒಂದು ಸಹಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಸರ್ಕಾರ 2023ರಲ್ಲಿ ಕ್ಯಾಥೊಲಿಕರು ನಡೆಸುತ್ತಿದ್ದ ಕ್ಯಾಲ್ವರಿ ಸಾರ್ವಜನಿಕ ಆಸ್ಪತ್ರೆಯನ್ನು ಕಾನೂನು ತಂದು ಕೈಗೆ ತೆಗೆದುಕೊಂಡಿತು. ಒಪ್ಪಂದದ ಅವಧಿ ಇನ್ನೂ 70ಕ್ಕೂ ಹೆಚ್ಚು ವರ್ಷ ಬಾಕಿ ಇತ್ತು. ಅದು ನನಗೆ ಇಷ್ಟವಾಗಲಿಲ್ಲ. ಆದರೂ ಒಂದು ಮಾತಿಗೆ ಮೆಚ್ಚುತ್ತೇನೆ: ಹೊಸ ಕಟ್ಟಡ ಕಟ್ಟುತ್ತೇವೆ, ನಾವೇ ನಡೆಸುತ್ತೇವೆ ಎಂದು ಮುಂದೆ ಬಂದರು. ನಮ್ಮಲ್ಲಿ ಗಾಳಿ ಬೀಸುತ್ತಿರುವುದು ಉಲ್ಟಾ ಕಡೆಗೆ. ಜಿಲ್ಲಾ ಆಸ್ಪತ್ರೆಗಳನ್ನೇ ಖಾಸಗಿ ಮೆಡಿಕಲ್ ಕಾಲೇಜುಗಳ ಕೈಗೆ ಕೊಡುವ ಮಾದರಿಯನ್ನು ನೀತಿ ಆಯೋಗ ಮುಂದಿಟ್ಟಿತು. 2017ರ ಆರೋಗ್ಯ ನೀತಿ 2025ರೊಳಗೆ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ 2.5 ಆಗಬೇಕು ಎಂದಿತ್ತು. ಆಗಲಿಲ್ಲ. ಅದೇ 2017ರ ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕಲು ಹೊರಟ ಕರ್ನಾಟಕ ಸರ್ಕಾರ, ವೈದ್ಯರು ಮುಷ್ಕರ ಹೂಡಿದ ಮೇಲೆ ಮಸೂದೆಯನ್ನು ಮೆತ್ತಗೆ ಮಾಡಿತು. ದುಡ್ಡಿದ್ದವರ ಮುಂದೆ ಬಗ್ಗುವ ಸರ್ಕಾರ ಸಿಸ್ಟರ್‌ಗಳ ಮುಂದೆ ಮೀಸೆ ತಿರುವಲಿ ಎಂದು ನೀವು ಕೇಳುತ್ತಿದ್ದೀರಿ.

ನಿಮಗೊಂದು ಮನೆಗೆಲಸ ಕೊಡುತ್ತೇನೆ ಮೇಷ್ಟ್ರೇ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಆರ್‌ಟಿಐ ಅರ್ಜಿ ಹಾಕಿ. ಸ್ತ್ರೀರೋಗ ತಜ್ಞರ ಹುದ್ದೆ ಎಷ್ಟು, ಭರ್ತಿ ಎಷ್ಟು, ಅರಿವಳಿಕೆ ತಜ್ಞರು ಇದ್ದಾರಾ, ಕಳೆದ ವರ್ಷ ಎಷ್ಟು ಗರ್ಭಪಾತ, ಎಷ್ಟು ಸಂತಾನಹರಣ ಆಪರೇಷನ್ ಆಯಿತು, ರಾತ್ರಿ ಡ್ಯೂಟಿಯಲ್ಲಿ ಯಾರಿರುತ್ತಾರೆ ಎಂದು ಕೇಳಿ. ಉತ್ತರ ಬಂದರೆ ಇದೇ ಪುಟದಲ್ಲಿ ಒಂದಕ್ಷರ ಬಿಡದೆ ಹಾಕುತ್ತೇನೆ. ಈ ಸಲ ಜಾಗ ಇಲ್ಲ ಅನ್ನುವುದಿಲ್ಲ.

— ಸಂಪಾದಕ