ಬಳ್ಳಿ ಎಂಬ ಒಂದೇ ಹೆಸರು ಸಾಕೇ?

ಬಸವನಗುಡಿಯ ಓದುಗರೊಬ್ಬರ ಪತ್ರ ಬಂದಿದೆ. ತಾರಸಿ ತೋಟದ ಕುರಿತ ನಮ್ಮ ಲೇಖನದಲ್ಲಿ ನೆಲದಲ್ಲಿ ಹರಡುವ ಕುಂಬಳ, ಕೋಲು ಹತ್ತುವ ಹಾಗಲ, ಗೇಟಿನ ಮೇಲೆ ಸುತ್ತಿಕೊಂಡು ಏರುವ ಬೋಗನ್‌ವಿಲ್ಲಾ, ಎಲ್ಲವನ್ನೂ ‘ಬಳ್ಳಿ’ ಎಂದೇ ಬರೆದಿದ್ದೇವೆ ಎಂಬುದು ಅವರ ಆಕ್ಷೇಪ. ಇಂಗ್ಲಿಷಿನಲ್ಲಿ ಹತ್ತುವುದಕ್ಕೆ ಕ್ಲೈಂಬರ್, ನೆಲದಲ್ಲಿ ಹರಡುವುದಕ್ಕೆ ಕ್ರೀಪರ್ ಎಂದು ಬೇರೆ ಬೇರೆ ಪದಗಳಿರುವಾಗ ಕನ್ನಡ ಬಡವಾಯಿತಲ್ಲವೇ ಎಂದು ಕೇಳಿದ್ದಾರೆ.

ಇಲ್ಲ, ಖಂಡಿತ ಬಡವಾಗಿಲ್ಲ. ಕನ್ನಡವು ಗಿಡದ ಮೈ ನೋಡಿ ಹೆಸರಿಟ್ಟು, ಅದರ ನಡೆಯನ್ನು ಕ್ರಿಯಾಪದಕ್ಕೆ ಒಪ್ಪಿಸಿದೆ. ತನ್ನ ಕಾಲ ಮೇಲೆ ನಿಲ್ಲಲಾರದೆ ಉದ್ದಕ್ಕೆ ಬೆಳೆಯುವುದೆಲ್ಲ ಬಳ್ಳಿ. ಅದು ನೆಲದಲ್ಲಿ ಹರಿಯುತ್ತದೆ, ಬೇಲಿಗೆ ಹಬ್ಬುತ್ತದೆ, ಕೋಲಿಗೆ ಸುತ್ತುತ್ತದೆ, ಮರವನ್ನು ಅಡರುತ್ತದೆ. ಈ ‘ಹಬ್ಬು’ ಹಳಗನ್ನಡದ ‘ಪರ್ಬು’. ಬಳ್ಳಿಯೂ ಅಷ್ಟೇ ಹಳೆಯದು: ತಮಿಳಿನ ವೇರ್ ನಮ್ಮಲ್ಲಿ ಬೇರು, ವಾಳೈ ಬಾಳೆ, ವಳ್ಳಿ ಬಳ್ಳಿ. ಮಂಗರವಳ್ಳಿ ಎಂಬ ಬಳ್ಳಿಯ ಹೆಸರಿನಲ್ಲಿ ಆ ‘ವ’ಕಾರ ಇಂದಿಗೂ ಉಳಿದಿದೆ. ಲತೆ ಎಂಬುದು ಸಂಸ್ಕೃತದಿಂದ ಬಂದ ಚೆಲುವಾದ ಪದ, ಆದರೆ ಹಾಗಲಲತೆ ಎಂದು ಯಾವ ರೈತನೂ ಹೇಳುವುದಿಲ್ಲ. ಗೆಣಸಿನ ಹೊಲದಲ್ಲಿ ನಿಂತರೆ ‘ಹಂಬು’ ಎಂಬ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ.

ಹತ್ತುವುದು, ಹರಡುವುದು ಎಂಬುದು ಹಲವು ಬಳ್ಳಿಗಳಿಗೆ ಹುಟ್ಟುಗುಣವೇ ಅಲ್ಲ, ಸಿಕ್ಕ ಆಸರೆಯ ಫಲ. ಕುಂಬಳಕ್ಕೆ ಚಪ್ಪರ ಹಾಕಿದರೆ ಏರುತ್ತದೆ, ಹಾಕದಿದ್ದರೆ ನೆಲ ಹಿಡಿಯುತ್ತದೆ. ನಮ್ಮ ಮನೆಗಳ ಮನಿಪ್ಲಾಂಟ್ ನೋಡಿ. ಬಾಲ್ಕನಿಯ ಕುಂಡದಿಂದ ಇಳಿಬಿದ್ದಾಗ ಅದರ ಎಲೆ ಅಂಗೈಯಷ್ಟು. ಅದೇ ಬಳ್ಳಿ ಮರ ಹಿಡಿದು ಮೇಲೇರಿದರೆ ಎಲೆಗಳು ಮೊರದಷ್ಟಾಗಿ ಅಂಚು ಸೀಳಿಕೊಳ್ಳುತ್ತವೆ, ಬೇರೆಯೇ ಸಸ್ಯವೆಂದು ಭ್ರಮೆಯಾಗುವಷ್ಟು. ಒಂದೇ ಜೀವಕ್ಕೆ ಎರಡು ಹೆಸರಿಡಬೇಕೇ? ಪಾಠಪುಸ್ತಕಕ್ಕೆ ವಿಂಗಡಣೆ ಬೇಕೇ ಬೇಕು, ಒಪ್ಪುತ್ತೇನೆ. ಅಲ್ಲಿಗೆ ‘ಅಡರುಬಳ್ಳಿ’, ‘ಹರಡುಬಳ್ಳಿ’ ಧಾರಾಳವಾಗಿ ಸಾಕು.

ಬೋಗನ್‌ವಿಲ್ಲಾ ವಿಷಯದಲ್ಲಿ ಮಾತ್ರ ತಪ್ಪು ನಮ್ಮದು, ಅದು ನೀವು ಹಿಡಿದ ತಪ್ಪಿಗಿಂತ ದೊಡ್ಡದು. ದಕ್ಷಿಣ ಅಮೆರಿಕದಿಂದ ಬಂದ ಈ ಕಾಗದದ ಹೂವಿನ ಗಿಡ ಸುತ್ತಿಕೊಳ್ಳುವುದಿಲ್ಲ, ಅದಕ್ಕೆ ಹಿಡಿಯುವ ತಂತುವೂ ಇಲ್ಲ. ಮುಳ್ಳು ಸಿಕ್ಕಿಸಿಕೊಂಡು, ಪಕ್ಕದ ಆಸರೆಗೆ ಒರಗಿ ಮೇಲೇಳುತ್ತದೆ. ‘ಸುತ್ತಿಕೊಂಡು’ ಎಂಬುದನ್ನು ‘ಒರಗಿಕೊಂಡು’ ಎಂದು ತಿದ್ದಿ ಓದಬೇಕೆಂದು ಕೋರುತ್ತೇನೆ.

ನಿಮ್ಮ ತಾರಸಿಯಲ್ಲೂ ಹಾಗಲವಿದೆ ಎಂದು ಬರೆದಿದ್ದೀರಿ. ಕಂಬಿಯನ್ನು ಹಿಡಿದ ಒಂದು ತಂತುವನ್ನು ಹತ್ತಿರದಿಂದ ನೋಡಿ. ಸುರುಳಿ ಅರ್ಧದವರೆಗೆ ಒಂದು ದಿಕ್ಕಿಗೆ ಸುತ್ತಿ, ನಡುವೆ ತಿರುಗಿ, ಉಳಿದರ್ಧ ಎದುರು ದಿಕ್ಕಿಗೆ ಸುತ್ತಿರುತ್ತದೆ. ಎರಡೂ ತುದಿ ಕಟ್ಟಿಬಿದ್ದಿರುವುದರಿಂದ ಒಂದೇ ದಿಕ್ಕಿಗೆ ಸುತ್ತಿದರೆ ತಂತು ಹುರಿಗೊಂಡು ತಿರುಚಿಹೋಗುತ್ತದೆ. ಚಾರ್ಲ್ಸ್ ಡಾರ್ವಿನ್ 1865ರಲ್ಲೇ ಇದನ್ನು ವಿವರಿಸಿದ್ದರು. ಗಾಳಿ ಬೀಸಿದಾಗ ಆ ಸುರುಳಿ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುತ್ತದೆ, ಬಳ್ಳಿ ತುಂಡಾಗುವುದಿಲ್ಲ.

— ಸಂಪಾದಕ