ಸಂಪಾದಕರ ಉತ್ತರ: ಒಪ್ಪಿಕೊಂಡೇ ಹೋಗ್ತಾರೆ, ನಿಜ

ಪ್ರಿಯ ಓದುಗರೇ,

ಅಮೆರಿಕದ ಕಾಲೇಜುಗಳ ‘ಹೇಜಿಂಗ್’ ಬಗ್ಗೆ, ಅಂದರೆ ಸಂಘಕ್ಕೆ ಸೇರುವ ಹೊಸಬರನ್ನು ಗೋಳು ಹೊಯ್ದುಕೊಳ್ಳುವ ಪದ್ಧತಿಯ ಬಗ್ಗೆ, ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಅತಿ ಅನ್ನಿಸಿದೆ. ನ್ಯೂಯಾರ್ಕಿನಲ್ಲಿ ಓದುವ ನಿಮ್ಮ ಮೊಮ್ಮಗ ಒಂದು ಫ್ರಟರ್ನಿಟಿಗೆ, ಅಂದರೆ ಹುಡುಗರ ವಿದ್ಯಾರ್ಥಿ ಸಂಘಕ್ಕೆ, ಸೇರಲು ಹೊರಟಿದ್ದಾನೆ. “ನಮ್ಮ ಹಾಸ್ಟೆಲಿನಲ್ಲೂ ಸೀನಿಯರ್‌ಗಳು ಗೋಳು ಹೊಯ್ದುಕೊಂಡರು, ಸತ್ತೆವಾ? ಹುಡುಗರು ಒಪ್ಪಿಕೊಂಡೇ ಹೋಗ್ತಾರೆ” ಅಂತ ಬರೆದಿದ್ದೀರಿ.

ಒಪ್ಪಿಕೊಂಡೇ ಹೋಗ್ತಾರೆ, ನಿಜ. ನಮ್ಮ ರ‍್ಯಾಗಿಂಗಿಗೂ ಇದಕ್ಕೂ ಅದೇ ವ್ಯತ್ಯಾಸ. ಅಲ್ಲಿ ಹುಡುಗ ತಾನೇ ಹೋಗಿ ಸೇರಿಸಿಕೊಳ್ಳಿ ಅನ್ನುತ್ತಾನೆ. ವಾರಗಟ್ಟಲೆ ‘ಪ್ಲೆಡ್ಜ್’ (ಸೇರ್ಪಡೆಗೆ ಕಾದಿರುವ ಹೊಸಬ) ಆಗಿ ಹೇಳಿದ್ದೆಲ್ಲ ಮಾಡುತ್ತಾನೆ. ಇಷ್ಟೆಲ್ಲ ಸಹಿಸಿಕೊಂಡವನು ಕೊನೆಯ ರಾತ್ರಿ ಬೇಡ ಅಂದಾನಾ?

2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಒಬ್ಬ ಹುಡುಗನೂ ಒಪ್ಪಿಯೇ ಹೋಗಿದ್ದ. 19 ವರ್ಷದವನು. ಅವನು ಸೇರಲು ಹೊರಟ ಪೈ ಡೆಲ್ಟಾ ಸೈ ಅನ್ನೋದು ಏಷ್ಯಾ ಮೂಲದ ವಿದ್ಯಾರ್ಥಿಗಳ ಸಂಘ. ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಹೆಪ್ಪುಗಟ್ಟಿದ ಅಂಗಳ. ಹುಡುಗನ ಕಣ್ಣಿಗೆ ಬಟ್ಟೆ, ಬೆನ್ನಿಗೆ 30 ಪೌಂಡ್ ಮರಳಿನ ಚೀಲ. ಅವನು ನಡೆಯಬೇಕು, ಉಳಿದವರು ಓಡಿ ಬಂದು ಗುದ್ದಿ ಬೀಳಿಸಬೇಕು. ಇದಕ್ಕೆ ‘ಗ್ಲಾಸ್ ಸೀಲಿಂಗ್’ ಅಂತ ಹೆಸರು, ಅಂದರೆ ಮೇಲೇರಲು ಬಿಡದ, ಕಣ್ಣಿಗೆ ಕಾಣದ ತಡೆ. ಏಷ್ಯಾದವರು ಪಡುವ ಪಾಡು ಹೊಸಬನಿಗೆ ಅರ್ಥವಾಗಲಿ ಅಂತೆ! ಪಾಡು ಕೊಡುತ್ತಿದ್ದವರೂ ಏಷ್ಯಾದವರೇ ಅಲ್ವಾ?

ಹುಡುಗ ಎಚ್ಚರ ತಪ್ಪಿ ಬಿದ್ದ. ಯಾರೂ ಅಲ್ಲಿನ ತುರ್ತು ಸಹಾಯದ ನಂಬರು 911ಕ್ಕೆ ಫೋನ್ ಮಾಡಲಿಲ್ಲ. ಅವನ ಬಟ್ಟೆ ಬದಲಿಸಿದರು. ಅವನಿಗೆ ಏನಾಗಿದೆ ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿದರು. ಸಂಘದ ಗುರುತುಗಳನ್ನು ಬಚ್ಚಿಟ್ಟರು. ತಡವಾಗಿ ತಾವೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಮರುದಿನ ಹುಡುಗ ತೀರಿಕೊಂಡ. 37 ಜನರ ಮೇಲೆ ಕೇಸಾಯಿತು. 2018ರಲ್ಲಿ ಆ ಸಂಘಕ್ಕೆ ಪೆನ್ಸಿಲ್ವೇನಿಯಾದಲ್ಲಿ 10 ವರ್ಷ ನಿಷೇಧ ಹಾಕಿ, 1 ಲಕ್ಷ ಡಾಲರ್‌ಗಿಂತ ಜಾಸ್ತಿ ದಂಡ ವಿಧಿಸಿದರು.

ನನ್ನನ್ನು ಕಾಡೋದು ಗುದ್ದಿಗಿಂತ ಆಮೇಲಿನ ಹೊತ್ತು. ಅಣ್ಣತಮ್ಮಂದಿರು ಅಂತ ಕರೆದುಕೊಂಡವರಿಗೆ ಆಗ ತಮ್ಮನಿಗಿಂತ ಸಂಘವೇ ದೊಡ್ಡದಾಯಿತು. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಫ್ರಟರ್ನಿಟಿಯಲ್ಲೂ ಹೀಗೇ ಆಯಿತು. ಕುಡಿಸಿದ್ದರು. ಹುಡುಗ ಮೆಟ್ಟಿಲಿಂದ ಉರುಳಿದ. ಸಹಾಯಕ್ಕೆ ಫೋನ್ ಹೋದದ್ದು ಸುಮಾರು 12 ಗಂಟೆಯ ನಂತರ. ಆ ಹುಡುಗನ ಸಾವಿನಿಂದಲೇ ಪೆನ್ಸಿಲ್ವೇನಿಯಾಕ್ಕೆ 2018ರಲ್ಲಿ ಹೊಸ ಕಾನೂನು ಬಂತು. ನೀವು ಹೇಳುವ ಒಪ್ಪಿಗೆಯನ್ನು ಅದು ಲೆಕ್ಕಕ್ಕೇ ತಗೊಳ್ಳಲ್ಲ.

ನಾವು ಸತ್ತೆವಾ ಅಂದಿರಿ. ನಮ್ಮ ಹಾಸ್ಟೆಲಿನಲ್ಲೂ ಯಾರೂ ಸಾಯಲಿಲ್ಲ. ಪೆಟ್ಟು ತಿಂದ ನಾನು ಮರುವರ್ಷ ಇನ್ನೊಬ್ಬನ ಕೆನ್ನೆಗೆ ಹೊಡೆದೆ. ಅವನ ಮುಖ ಇವತ್ತಿಗೂ ನೆನಪಿದೆ. ಏಟು ಸ್ವಲ್ಪ ಆಚೀಚೆ ಬಿದ್ದಿದ್ದರೆ ನಾವೇನು ಮಾಡುತ್ತಿದ್ದೆವು? ಬಹುಶಃ ನಾವೂ ಮೊದಲು ಬಾಗಿಲು ಹಾಕುತ್ತಿದ್ದೆವು.

ಮೊಮ್ಮಗನನ್ನು ತಡೆಯಿರಿ ಅಂತ ನಾನು ಹೇಳಲ್ಲ. ಎಲ್ಲ ಸಂಘಗಳೂ ಹೀಗಿರಲ್ಲ. ಆದರೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬಂದ ಕಾನೂನಿನ ಪ್ರಕಾರ, ಯಾವ ಸಂಘ ಹೇಜಿಂಗ್ ಮಾಡಿ ಸಿಕ್ಕಿಬಿದ್ದಿದೆ ಅನ್ನೋದನ್ನು ಕಾಲೇಜೇ ಪ್ರಕಟಿಸಬೇಕು. ಸೇರುವ ಮೊದಲು ಅದನ್ನು ಓದಲು ಹೇಳಿ. ಈ ಭಾನುವಾರ ಫೋನ್ ಮಾಡಿದಾಗ ಇನ್ನೊಂದು ಮಾತೂ ಕೇಳಿ: ಅಲ್ಲಿ ಯಾರಿಗಾದರೂ ಪೆಟ್ಟಾದರೆ 911ಕ್ಕೆ ಫೋನ್ ಮಾಡೋರು ಯಾರಪ್ಪಾ?

ಸಂಪಾದಕ